ರೇಡಿಯೋ ಪೆಟ್ಟಿಗೆಯ ಪರೀಕ್ಷೆ

ಹಳೆಯ ರೇಡಿಯೋ ಪೆಟ್ಟಿಗೆಯ ತಿರುಗುಣಿಯನ್ನು ಮೆಲ್ಲನೆ ತಿರುಗಿಸಿದವರಿಗೆ ಅದರ ಸ್ವಭಾವ ಗೊತ್ತು. ಮೊದಲು ಬರಿಯ ಗೊರಗೊರ ಸದ್ದು. ಅದರೊಳಗಿನಿಂದ ತೆಳುವಾಗಿ ಒಂದು ಕಂಠ. ಇನ್ನಷ್ಟು ತಿರುಗಿಸಿದರೆ ಆ ಕಂಠವೇ ಸ್ಪಷ್ಟವಾಗಿ ವಾರ್ತೆ ಓದತೊಡಗುತ್ತದೆ. ಅಲೆ ದುರ್ಬಲವಾದಷ್ಟೂ ಗೊರಗೊರ ಹೆಚ್ಚು. ಅಂಥ ಪೆಟ್ಟಿಗೆಯನ್ನು ಪರೀಕ್ಷಿಸಲು ಕಿವಿಯೊಂದೇ ಸಾಕಾಗಿತ್ತು.

ಡಿಜಿಟಲ್ ರೇಡಿಯೋ ಹೀಗಲ್ಲ. ಅದರಲ್ಲಿ ಧ್ವನಿಯನ್ನು ಅಂಕಿಗಳನ್ನಾಗಿ ಮಾರ್ಪಡಿಸಿ, ಆ ಅಂಕಿಗಳನ್ನು ಅಲೆಗಳ ಮೇಲೇರಿಸಿ ಕಳುಹಿಸುತ್ತಾರೆ. ನಾರ್ವೆ ಮತ್ತು ಬ್ರಿಟನ್ ದೇಶಗಳು 1995ರಲ್ಲಿ ಡಿ.ಎ.ಬಿ. ಎಂಬ ಪದ್ಧತಿಯಲ್ಲಿ ಈ ಪ್ರಸಾರವನ್ನು ಆರಂಭಿಸಿದವು. ನಮ್ಮ ಆಕಾಶವಾಣಿಯು ಮಧ್ಯಮ ತರಂಗಗಳಿಗೆ ಡಿ.ಆರ್.ಎಂ. ಎಂಬ ಬೇರೆ ಪದ್ಧತಿಯನ್ನು ಆರಿಸಿಕೊಂಡಿತು. ಆದುದರಿಂದ ಲಂಡನ್ನಿನಲ್ಲಿ ಕೊಂಡ ಡಿ.ಎ.ಬಿ. ಪೆಟ್ಟಿಗೆಯನ್ನು ಬೆಂಗಳೂರಿಗೆ ತಂದರೆ ಅದರ ಡಿಜಿಟಲ್ ಭಾಗ ಮೂಕವಾಗಿಯೇ ಇರುತ್ತದೆ. ಅದನ್ನು ಬ್ರಿಟನ್ನಿನ ಒಂದು ಮನೆಯಲ್ಲಿಯೇ ಇಟ್ಟು ಪರೀಕ್ಷಿಸೋಣ.

ದಾರಿಯಲ್ಲಿ ಕೆಲವು ಅಂಕಿಗಳು ಕೆಟ್ಟುಹೋದರೂ ಈ ಪೆಟ್ಟಿಗೆಯು ತಾನೇ ಲೆಕ್ಕ ಹಾಕಿ ಅವುಗಳನ್ನು ಸರಿಪಡಿಸಿಕೊಳ್ಳುತ್ತದೆ. ಕೇಳುವವನಿಗೆ ಕೊರತೆ ತಿಳಿಯುವುದೇ ಇಲ್ಲ. ನಷ್ಟವು ಒಂದು ಮಿತಿಯನ್ನು ಮೀರಿದೊಡನೆ ಮಾತ್ರ ಕೆಸರು ಕುದಿಯುವಂಥ ಗುಳುಗುಳು ಶಬ್ದ, ಆಮೇಲೆ ಮೌನ. ಹಳೆಯ ರೇಡಿಯೋ ಬೆಟ್ಟದ ಇಳಿಜಾರಿನಂತೆ. ಇದು ಕಡಿದಾದ ಬಂಡೆಯ ಅಂಚಿನಂತೆ. ಸೊಗಸಾಗಿ ಹಾಡುತ್ತಿರುವ ಪೆಟ್ಟಿಗೆಯು ಅಂಚಿನಿಂದ ಹತ್ತು ಮಾರು ಒಳಗಿದೆಯೋ, ಅಂಚಿನಲ್ಲೇ ನಿಂತಿದೆಯೋ ಎಂಬುದನ್ನು ಕಿವಿಯಿಂದ ಅರಿಯಲಾಗದು. ಅಂಗಡಿಯಲ್ಲಿ ಮೆಚ್ಚಿ ತಂದ ಪೆಟ್ಟಿಗೆ ಮನೆಯಲ್ಲಿ ತೊದಲುವುದುಂಟು.

ಆದ್ದರಿಂದ ಅದು ಮುಂದೆ ಎಲ್ಲಿರಬೇಕೋ ಅಲ್ಲಿಯೇ, ಅಡುಗೆಮನೆಯ ಮೇಜಾದರೆ ಮೇಜಿನ ಮೇಲೆಯೇ, ಅದನ್ನಿಟ್ಟು ನೋಡಬೇಕು. ದಪ್ಪ ಕಲ್ಲಿನ ಗೋಡೆಯೂ ಪಕ್ಕದ ಲೋಹದ ಫ್ರಿಜ್ಜೂ ಅಲೆಗಳನ್ನು ತಡೆಯುತ್ತವೆ. ಕಡ್ಡಿಯಂಥ ಆಂಟೆನಾವನ್ನು ಪೂರ್ತಿ ಎಳೆದು ನೆಟ್ಟಗೆ ಮೇಲ್ಮುಖವಾಗಿ ನಿಲ್ಲಿಸಬೇಕು. ಅಲ್ಲಿನ ಪ್ರಸಾರದ ಅಲೆಗಳು ಲಂಬವಾಗಿ ಕಂಪಿಸುತ್ತವೆ. ಅವುಗಳ ಉದ್ದ ಸುಮಾರು 136 ಸೆಂಟಿಮೀಟರ್. ಆಂಟೆನಾ ಅದರ ಕಾಲುಭಾಗ, ಎಂದರೆ ಸುಮಾರು 34 ಸೆಂಟಿಮೀಟರ್ ಇದ್ದರೆ ಚೆನ್ನ. ಈಗ ಒಂದು ಕೇಂದ್ರವನ್ನು ಹಿಡಿದು, ಆಂಟೆನಾವನ್ನು ಒಂದೊಂದೇ ಗೆಣ್ಣಿನಂತೆ ಒಳಕ್ಕೆ ತಳ್ಳುತ್ತ ಹೋಗಿರಿ. ಎರಡು ಗೆಣ್ಣು ತಳ್ಳುವಷ್ಟರಲ್ಲಿ ಗುಳುಗುಳು ಎಂದರೆ ಆ ಪೆಟ್ಟಿಗೆ ಅಂಚಿನಲ್ಲಿದೆ. ಪೂರ್ತಿ ಒಳಸೇರಿದರೂ ಹಾಡುತ್ತಿದ್ದರೆ ಮಳೆ ಬರಲಿ, ಯಾರಾದರೂ ಅಡ್ಡ ನಿಲ್ಲಲಿ, ಚಿಂತೆಯಿಲ್ಲ. ಪರದೆಯ ಮೇಲೆ ಮಿನುಗುವ ಗೆರೆಗಳಿಗಿಂತ ಈ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಎಷ್ಟು ಕೇಂದ್ರಗಳು ಸಿಕ್ಕವೆಂದು ಎಣಿಸಿ ಬೀಗುವುದು ವ್ಯರ್ಥ. ಡಿ.ಎ.ಬಿ.ಯಲ್ಲಿ ಹಲವು ಕೇಂದ್ರಗಳು ಒಂದೇ ಗೊಂಚಲಾಗಿ ಬರುತ್ತವೆ. ಗೊಂಚಲು ಸಿಕ್ಕರೆ ಎಲ್ಲವೂ ಸಿಕ್ಕಂತೆ, ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಇನ್ನು ನಾದದ ಗುಣ. ಮೊದಲು ಸಂಗೀತವನ್ನಲ್ಲ, ವಾರ್ತೆಯನ್ನು ಕೇಳಬೇಕು. ಏಕೆಂದರೆ ಮನುಷ್ಯನ ಕಂಠ ಹೇಗಿರುತ್ತದೆಂಬುದು ನಮಗೆಲ್ಲರಿಗೂ ಗೊತ್ತು. ಗಂಡಸಿನ ದನಿ ಕೊಡದೊಳಗಿನಿಂದ ಬಂದಂತೆ ಗುಂಯ್‌ಗುಟ್ಟಿದರೆ ಅದು ಪೆಟ್ಟಿಗೆಯದೇ ಕಂಪನ. 'ಸ'ಕಾರಗಳು ಸಿಳ್ಳೆ ಹಾಕಬಾರದು. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಇಬ್ಬರ ದನಿಯನ್ನೂ ಒಂದೇ ಎತ್ತರಕ್ಕೆ ತಂದಿಡುವುದು ಅತ್ಯವಶ್ಯ. ತುಸು ಗಟ್ಟಿಯಾಗಿ ಕೇಳುವುದನ್ನೇ ಕಿವಿಯು ಉತ್ತಮವೆಂದು ಭ್ರಮಿಸುತ್ತದೆ. ವ್ಯಾಪಾರಿಗಳು ಇದನ್ನು ಬಲ್ಲರು!

ಆದರೆ ಎಲ್ಲ ತಪ್ಪನ್ನೂ ಪೆಟ್ಟಿಗೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮೂಲ ಡಿ.ಎ.ಬಿ. ಪದ್ಧತಿಯಲ್ಲಿ ಬಿ.ಬಿ.ಸಿ.ಯ ಶಾಸ್ತ್ರೀಯ ಸಂಗೀತದ ಕೇಂದ್ರವಾದ ರೇಡಿಯೋ 3ಕ್ಕೆ ಸೆಕೆಂಡಿಗೆ 192 ಸಾವಿರ ಬಿಟ್‌ಗಳನ್ನು ಮೀಸಲಿಟ್ಟರು. ಅನೇಕ ಕೇಂದ್ರಗಳಿಗೆ ದೊರೆತುದು ಅದಕ್ಕಿಂತ ಬಹಳ ಕಡಮೆ. ಅಂಕಿಗಳು ಕಡಮೆಯಾದಷ್ಟೂ ತಾಳದ, ಪಿಟೀಲಿನ ಮೇಲುದನಿಗಳು ಮಸುಕಾಗುತ್ತವೆ. ಒಳ್ಳೆಯ ಹೆಡ್‌ಫೋನಿನಲ್ಲಿಯೂ ಅದೇ ಮಸುಕು ಕೇಳಿಸಿದರೆ, ದೋಷವಿರುವುದು ಬಹುಶಃ ಪ್ರಸಾರದಲ್ಲಿ. ಇನ್ನೊಂದು ವಿಚಿತ್ರ: ಅಂಕಿಗಳನ್ನು ಬಿಡಿಸಲು ಕಾಲ ಬೇಕಾದುದರಿಂದ ಗಂಟೆ ಸೂಚಿಸುವ 'ಪಿಪ್' ಸದ್ದು ಹಳೆಯ ರೇಡಿಯೋಕ್ಕಿಂತ ಇದರಲ್ಲಿ ಕೆಲವು ಸೆಕೆಂಡು ತಡವಾಗಿ ಕೇಳಿಸುತ್ತದೆ. ಇದನ್ನು ನಂಬಿ ಗಡಿಯಾರ ತಿದ್ದಿಕೊಳ್ಳುವಂತಿಲ್ಲ.

ಇಷ್ಟೆಲ್ಲ ಏಕೆಂದು ನೀವು ಕೇಳಬಹುದು. ನಾರ್ವೆಯು 2017ರಲ್ಲಿ ರಾಷ್ಟ್ರವ್ಯಾಪಿ ಎಫ್.ಎಂ. ಪ್ರಸಾರವನ್ನು ಪ್ರಾಂತದಿಂದ ಪ್ರಾಂತಕ್ಕೆ ನಿಲ್ಲಿಸುತ್ತ ಹೋಯಿತು. ಜನವರಿ 11ರಂದು ಉತ್ತರದ ನೂರ್‌ಲಾನ್ ಪ್ರಾಂತದಲ್ಲಿ ಆರಂಭವಾದ ಕೆಲಸ ಡಿಸೆಂಬರಿನಲ್ಲಿ ಮುಗಿಯಿತು. ಅಡುಗೆಮನೆಯ ಹಳೆಯ ರೇಡಿಯೋಗಳಿಗೆ ಸ್ಥಳೀಯ ಕೇಂದ್ರಗಳಷ್ಟೇ ಉಳಿದವು. ಹಿಮದ ಬಿರುಗಾಳಿಯಲ್ಲಿ ವಿದ್ಯುತ್ತು ಹೋದಾಗ ಸುದ್ದಿ ತಿಳಿಯಲೆಂದು, ಪ್ರತಿಯೊಂದು ಮನೆಯಲ್ಲಿಯೂ ಬ್ಯಾಟರಿಯಿಂದ ನಡೆಯುವ ಡಿ.ಎ.ಬಿ. ರೇಡಿಯೋ ಇರಲೆಂದು ಆ ಸರಕಾರ ಸಲಹೆ ನೀಡಿತು. ಡಿಜಿಟಲ್ ಪೆಟ್ಟಿಗೆಯೋ ಹಳೆಯದಕ್ಕಿಂತ ಹೆಚ್ಚು ವಿದ್ಯುತ್ತನ್ನು ಕುಡಿಯುತ್ತದೆ. ಕೊನೆಯ ಪರೀಕ್ಷೆ ಇದೇ: ಹೊಸ ಬ್ಯಾಟರಿಗಳನ್ನು ಹಾಕಿ, ಮಾತು ಕೇಳಿಸುವಷ್ಟು ದನಿಯಲ್ಲಿ ಅದನ್ನು ಹಾಡಲು ಬಿಟ್ಟು, ಅದು ಯಾವ ಗಂಟೆಗೆ ನಿಂತಿತೆಂಬುದನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯ ತಳಕ್ಕೆ ಅಂಟಿಸುವುದು.