ನಕಲು ಬೇಡ, ಲಿಂಕು ಕಳಿಸಿ

‘ಬಾಕಿದಾರರು ಯಾರು ಯಾರು?’ ಎಂದು ಜೊತೆಯ ಗುಮಾಸ್ತರು ಕೇಳುತ್ತಾರೆ. ನಾವು ದೊಡ್ಡ ಪಟ್ಟಿಯಿಂದ ಆ ಸಾಲುಗಳನ್ನು ಆರಿಸಿ, ನಕಲು ಮಾಡಿ ಕಳಿಸುತ್ತೇವೆ. ಸಂಜೆಯೊಳಗೆ ಒಬ್ಬರು ಹಣ ಕಟ್ಟಿದರೂ ನಕಲಿನಲ್ಲಿ ಅವರ ಹೆಸರು ಹಾಗೆಯೇ ಇರುತ್ತದೆ. ಮರುದಿನ ಹಣ ಕಟ್ಟಿದವರಿಗೇ ತಗಾದೆ ಹೋಗುತ್ತದೆ!

ಆದಕಾರಣ ಉತ್ತರದ ನಕಲಿಗೆ ಬದಲಾಗಿ ಪ್ರಶ್ನೆಯನ್ನೇ ಕಳಿಸುವುದು ಲೇಸು. ಪಟ್ಟಿ ಗೂಗಲ್ ಶೀಟ್ಸ್‌ನಲ್ಲಿದ್ದರೆ, ‘ಡೇಟಾ’ ಮೆನುವಿನಲ್ಲಿ ‘ಫಿಲ್ಟರ್ ವ್ಯೂ’ ಒಂದನ್ನು ರಚಿಸಿರಿ. ಬಾಕಿಯ ಸಾಲುಗಳನ್ನಷ್ಟೇ ಆರಿಸಿ, ಅದಕ್ಕೊಂದು ಹೆಸರಿಟ್ಟು ಉಳಿಸಿರಿ. ಆಗ ಬ್ರೌಸರಿನ ಮೇಲ್ಭಾಗದ ವಿಳಾಸದಲ್ಲಿ ಆ ಆಯ್ಕೆಯ ಗುರುತೂ ಸೇರಿರುತ್ತದೆ. ಆ ವಿಳಾಸವೇ ಲಿಂಕು. ಅದನ್ನು ತೆರೆದವರಿಗೆ ಅದೇ ಆಯ್ಕೆ, ಮೂಲಪಟ್ಟಿಯ ಆ ಹೊತ್ತಿನ ಲೆಕ್ಕದೊಡನೆ ಕಾಣುತ್ತದೆ.

ಎರಡು ಎಚ್ಚರಿಕೆಗಳು. ‘ಶೇರ್’ ಎಂಬಲ್ಲಿ ನೋಡತಕ್ಕವರ ಇಮೇಲ್ ಸೇರಿಸಿ, ಅವರನ್ನು ‘ವ್ಯೂವರ್’ ಎಂದು ಗೊತ್ತುಮಾಡಿರಿ. ಲಿಂಕು ಇರುವವರೆಲ್ಲ ನೋಡಬಹುದೆಂದು ಬಿಟ್ಟರೆ, ಅದು ಕೈಯಿಂದ ಕೈಗೆ ಹೋದಂತೆ ಪರರೂ ಓದಬಲ್ಲರು. ಎರಡನೆಯದು: ಫಿಲ್ಟರು ಸಾಲುಗಳನ್ನು ಮರೆಮಾಡುತ್ತದೆಯೇ ಹೊರತು ಬೀಗ ಹಾಕುವುದಿಲ್ಲ. ಅದನ್ನು ಮುಚ್ಚಿದರೆ ಇಡೀ ಪಟ್ಟಿ ಕಾಣುತ್ತದೆ. ಸಂಬಳ, ಫೋನ್ ನಂಬರು ಮುಂತಾದ ಗುಟ್ಟಿನ ವಿವರಗಳನ್ನು ಬೇರೆ ಕಡತದಲ್ಲಿಯೇ ಇಡತಕ್ಕದ್ದು.