ಕಡಲೆಕಾಯಿಯ ಬೇರಿನಲ್ಲಿರುವ ಗಂಟುಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿರುವ ನಮ್ಮ ಸಭೆಗಳವರಲ್ಲಿ ಅನೇಕರು ಮಳೆಯನ್ನೇ ನಂಬಿ ಒಕ್ಕಲುತನ ಮಾಡುವವರಾಗಿದ್ದಾರೆ. ಕಡಲೆಕಾಯಿಯ ಬೀಜಕ್ಕೆ ಅವರು ಕೊಡುವ ಹಣವು ಬಹಳ ಸಾರಿ ಸಾಲದ ಹಣವೇ. ಗಿಡವು ಗೇಣುದ್ದವಾಗುವಷ್ಟರಲ್ಲಿ ಬುಡಕ್ಕೆ ಕಪ್ಪು ಬೂಷ್ಟು ಹಿಡಿದು ಬಾಡಿದರೆ ಬೀಜವು ಹೋಗಿ ಸಾಲ ಮಾತ್ರ ಉಳಿಯುವದು. ಆಗ ದೃಷ್ಟಿ ತಾಕಿತೆಂದು ಹೇಳುವವರು ಇನ್ನೂ ಉಂಟು. ಆದರೆ ಆ ರೋಗದ ಬೂಷ್ಟು ಮಣ್ಣಿನಲ್ಲಿಯೂ ಬೀಜದಲ್ಲಿಯೂ ಇರುವಂಥದು. ಅದನ್ನು ತಡೆಯುವ ಜೀವಿಗಳನ್ನೂ ದೇವರು ಅದೇ ಮಣ್ಣಿನಲ್ಲಿಯೇ ಇಟ್ಟಿದ್ದಾನೆ. ಅವುಗಳ ವಿಷಯವಾಗಿ ಈ ಪಾಠದಲ್ಲಿ ವಿಚಾರಿಸೋಣ.

ಹೂ ಬಿಡುವ ಕಾಲದಲ್ಲಿ ಒಂದು ಗಿಡವನ್ನು ಕೀಳದೆ, ಸುತ್ತಲೂ ಅಗೆದು ಮಣ್ಣು ತೊಳೆದು ನೋಡಿರಿ. ಬೇರಿನಲ್ಲಿ ಸಾಸಿವೆಯಷ್ಟು ಸಣ್ಣ ಗಂಟುಗಳು ಕಾಣುವವು. ಇವು ರೋಗವಲ್ಲ. ಉಗುರಿನಿಂದ ಒಂದನ್ನು ಸೀಳಿದಾಗ ಒಳಗೆ ಕೆಂಪಾಗಿದ್ದರೆ ಕೆಲಸವು ನಡೆಯುತ್ತಿದೆ. ಬೆಳ್ಳಗೋ ಹಸುರಾಗಿಯೋ ಇದ್ದರೆ ನಡೆಯುತ್ತಿಲ್ಲ. ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕವಾದರೂ ಗಿಡವು ತಾನಾಗಿ ಅದನ್ನು ತೆಗೆದುಕೊಳ್ಳಲಾರದು. ಗಂಟಿನಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಅದನ್ನು ಗಿಡದ ಆಹಾರವಾಗಿ ಮಾರ್ಪಡಿಸುತ್ತವೆ. ಗಿಡವಾದರೋ ಅವುಗಳಿಗೆ ಸಕ್ಕರೆಯನ್ನು ಕೊಡುತ್ತದೆ. ಇದನ್ನು ಜರ್ಮನಿಯ ಹೆಲ್‌ರೀಗೆಲನು 1886ರಲ್ಲಿ ತಿಳಿಯಪಡಿಸಿದನು. 1888ರಲ್ಲಿ ಹಾಲೆಂಡಿನ ಬೈಜರಿಂಕನು ಆ ಜೀವಿಯನ್ನೇ ಬೇರ್ಪಡಿಸಿ ಬೆಳೆಸಿದನು. ನಮ್ಮ ಹಿರಿಯರು ಈ ಹೆಸರುಗಳನ್ನು ಕೇಳದೆಯೇ ರಾಗಿಯ ನಡುವೆ ಅವರೆ ತೊಗರಿಗಳ ಅಕ್ಕಡಿ ಸಾಲನ್ನು ಬಿಡುತ್ತಿದ್ದರಲ್ಲವೇ?

ಇನ್ನು ರೋಗವನ್ನು ತಡೆಯುವ ಜೀವಿಗಳು. ಬೇರುಗಳು ಸುತ್ತಲಿನ ಮಣ್ಣಿಗೆ ಸಿಹಿಯಾದ ರಸವನ್ನು ಬಿಡುವದರಿಂದ ಅಲ್ಲಿ ಬ್ಯಾಕ್ಟೀರಿಯಗಳು ಗುಂಪುಗುಂಪಾಗಿ ಸೇರುತ್ತವೆ. ಅವುಗಳಲ್ಲಿ ಸೂಡೋಮೊನಾಸ್ ಎಂಬದು ಮಣ್ಣಿನಲ್ಲಿರುವ ಕಬ್ಬಿಣದ ಅಂಶವನ್ನು ತಾನು ಮೊದಲು ಹಿಡಿದುಕೊಂಡು ಬೂಷ್ಟಿಗೆ ಸಿಕ್ಕದಂತೆ ಮಾಡುತ್ತದೆ; ಬೂಷ್ಟನ್ನು ಕೊಲ್ಲುವ ರಸವನ್ನೂ ಹುಟ್ಟಿಸುತ್ತದೆ. ಬ್ಯಾಸಿಲಸ್ ಎಂಬದೂ ಇಂಥದೇ. ಇವುಗಳಲ್ಲಿ ಕೆಲವು ಬೇರು ಬೆಳೆಯುವದಕ್ಕೂ ಸಹಾಯಮಾಡುತ್ತವೆ.

ಈ ಜೀವಿಗಳು ಈಗ ಪೊಟ್ಟಣಗಳಲ್ಲಿ ದೊರೆಯುತ್ತವೆ. ಅದು ಗೊಬ್ಬರವೂ ಅಲ್ಲ, ಔಷಧವೂ ಅಲ್ಲ. ಜೀವವುಳ್ಳ ವಸ್ತುವೆಂಬದನ್ನು ಮರೆಯಬಾರದು. ಬಿಸಿಲಿನಲ್ಲಿಟ್ಟ ಪೊಟ್ಟಣಕ್ಕೂ ಅವಧಿ ಮೀರಿದ್ದಕ್ಕೂ ಹಣ ಕೊಡುವದು ವ್ಯರ್ಥ. ಸೂಡೋಮೊನಾಸ್ ಪುಡಿಯಾದರೆ ಕಿಲೋ ಬೀಜಕ್ಕೆ 10 ಗ್ರಾಂ ಸಾಕು. ಗಂಟಿನ ಬ್ಯಾಕ್ಟೀರಿಯವನ್ನು ಆರಿದ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಬೇಕು. ಕಡಲೆಬೀಜದ ಸಿಪ್ಪೆ ಬಹಳ ತೆಳ್ಳಗಿರುವದರಿಂದ ಉಜ್ಜದೆ, ಮೊರದಲ್ಲಿ ಮೆಲ್ಲಗೆ ಹೊರಳಿಸಿ, ನೆರಳಿನಲ್ಲಿ ಆರಿಸಿ, ಅದೇ ದಿನ ಹಸಿ ಮಣ್ಣಿಗೆ ಬಿತ್ತಬೇಕು. ವಿಷದ ಪುಡಿಯೊಡನೆ ಒಂದೇ ಪಾತ್ರೆಯಲ್ಲಿ ಬೆರಸಬಾರದು.

ಮಾರುವವರು ಹೇಳುವಷ್ಟು ಫಲವನ್ನು ಎಲ್ಲಾ ಹೊಲಗಳಲ್ಲಿಯೂ ನಿರೀಕ್ಷಿಸುವದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಬಹುವರ್ಷ ಕಡಲೆಕಾಯಿ ಬೆಳೆದ ಮಣ್ಣಿನಲ್ಲಿ ಗಂಟಿನ ಬ್ಯಾಕ್ಟೀರಿಯಗಳು ಮೊದಲೇ ಇರುತ್ತವೆ. ಅಲ್ಲಿ ಪೊಟ್ಟಣದಿಂದ ಹೆಚ್ಚು ವ್ಯತ್ಯಾಸ ಕಾಣದಿರಬಹುದು. ಆದಕಾರಣ ಸಾಲಮಾಡಿ ಹೊಲಕ್ಕೆಲ್ಲಾ ಹಾಕದೆ, ಮೊದಲು ಎರಡು ಗುಂಟೆಗೆ ಹಾಕಿ, ಪಕ್ಕದ ಎರಡು ಗುಂಟೆಯನ್ನು ಹಾಗೆಯೇ ಬಿಟ್ಟು ಹೋಲಿಸಿರಿ. ಗೊಬ್ಬರವಿಲ್ಲದ ಒಣ ಮಣ್ಣಿನಲ್ಲಿ ಯಾವ ಪೊಟ್ಟಣವೂ ಬಾಳದು. ತೊಗರಿಯ ಬೇರು ಹೊಲದಲ್ಲಿಯೇ ಉಳಿಯುತ್ತದೆ. ಕಡಲೆಗಿಡವನ್ನೋ ನಾವು ಬೇರುಸಹಿತ ಕಿತ್ತು ಬಳ್ಳಿಯನ್ನು ದನಗಳಿಗೆ ಹಾಕುತ್ತೇವೆ. ಹೀಗಿರಲಾಗಿ ಆ ದನಗಳ ಸಗಣಿಯು ಅದೇ ಹೊಲಕ್ಕೆ ಹಿಂದಿರುಗಬೇಕು.

ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬಿತ್ತನೆಗೆ ಮುಂಚೆ ಸಭೆಯ ಇಬ್ಬರು ಮೂವರು ಕೂಡಿ ಅಲ್ಲಿಗೆ ಹೋಗಿ, ಬಾಡಿದ ಒಂದು ಗಿಡ ಇಟ್ಟುಕೊಂಡಿದ್ದರೆ ಅದನ್ನೂ ತೋರಿಸಿ ವಿಚಾರಿಸಿದರೆ, ಬಸ್ಸಿನ ಖರ್ಚೂ ಹಂಚಿಹೋಗುವದು.