ಬಿಲ್ ಹಾಕೋದು ಯಾರು: ಮೆಷಿನ್ನಾ, ಮನುಷ್ಯರಾ?

ಹೋದ ರಜೆಯಲ್ಲಿ ಅಮ್ಮನ ಜೊತೆ ಒಂದು ದೊಡ್ಡ ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಎರಡು ಬಿಲ್ಲಿಂಗ್ ಕೌಂಟರ್, ಎರಡರ ಮುಂದೂ ಉದ್ದ ಕ್ಯೂ. ಪಕ್ಕದಲ್ಲಿ ನಾಲ್ಕು ಸೆಲ್ಫ್ ಚೆಕ್‌ಔಟ್ ಮೆಷಿನ್, ಅಲ್ಲಿ ಒಬ್ಬಿಬ್ಬರಷ್ಟೇ. "ಬಾಮ್ಮ, ಇಲ್ಲೇ ಮುಗಿಸೋಣ" ಅಂದೆ. "ನೀನು ಹೋಗಪ್ಪ, ನನ್ನ ಹತ್ರ ಇರೋದು ನೋಟು. ಆ ಮೆಷಿನ್ನು ನೋಟು ತಗೊಳಲ್ಲ" ಅಂತ ಕ್ಯೂನಲ್ಲೇ ನಿಂತರು. ನಾನು ಬೇಗ ಮುಗಿಸಿ ಹೊರಗೆ ಕಾದೆ. ಮೆಷಿನ್ನೇ ವೇಗ ಅಂತ ಅವತ್ತು ಅನ್ನಿಸಿತ್ತು. ಹಾಸ್ಟೆಲ್‌ಗೆ ಬಂದು ಲೆಕ್ಕ ಹಾಕಿದ ಮೇಲೆ ಹಾಗನ್ನಿಸಲಿಲ್ಲ.

ಗೆಳೆಯರೇ, ಕ್ಯೂನ ಲೆಕ್ಕ ಶುರುವಾಗಿದ್ದು ಅಂಗಡಿಯಲ್ಲಲ್ಲ, ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲಿ ಈ ಬಗ್ಗೆ ಮೊದಲ ಲೇಖನ ಪ್ರಕಟಿಸಿದರು. ಅದೇ ದಾರಿಯಲ್ಲಿ ನಮ್ಮ ಅಂಗಡಿಯನ್ನು ನೋಡೋಣ.

ಗಂಟೆಗೆ 48 ಗಿರಾಕಿಗಳು ಬರುತ್ತಾರೆ ಅಂದುಕೊಳ್ಳಿ. ಕೌಂಟರ್‌ನಲ್ಲಿ ಒಂದು ಬಿಲ್ಲಿಗೆ ಸರಾಸರಿ 2 ನಿಮಿಷ. ಅಂದರೆ ಒಂದು ಕೌಂಟರ್ ಗಂಟೆಗೆ 30 ಜನರನ್ನು ಕಳಿಸಬಲ್ಲದು. ಗಿರಾಕಿಗಳು ಬರೋದು ಪಾಯ್ಸಾನ್ ಪ್ರಕಾರ, ಬಿಲ್ಲಿನ ಸಮಯ ಎಕ್ಸ್‌ಪೊನೆನ್ಷಿಯಲ್ ಅಂತ ಇಟ್ಟುಕೊಳ್ಳೋಣ.

ಮೊದಲನೆಯದು: ಎರಡು ಕೌಂಟರ್, ಎರಡು ಬೇರೆ ಬೇರೆ ಕ್ಯೂ. ಪ್ರತಿ ಕ್ಯೂಗೆ ಗಂಟೆಗೆ 24 ಜನ. ಒಬ್ಬರು ಒಳಗಿರುವ ಒಟ್ಟು ಸಮಯ ಬೇಕಿದ್ದರೆ, ಸೇವೆಯ ದರದಲ್ಲಿ ಬರುವ ದರ ಕಳೆದು, 1ನ್ನು ಅದರಿಂದ ಭಾಗಿಸಬೇಕು. 30ರಲ್ಲಿ 24 ಕಳೆದರೆ 6. ಒಂದು ಗಂಟೆಯ ಆರನೇ ಒಂದು ಭಾಗ, ಅಂದರೆ 10 ನಿಮಿಷ!

ಎರಡನೆಯದು: ಅದೇ ಎರಡು ಕೌಂಟರ್, ಆದರೆ ಎಲ್ಲರಿಗೂ ಒಂದೇ ಕ್ಯೂ. ಯಾವ ಕೌಂಟರ್ ಖಾಲಿಯಾಗುತ್ತೋ ಅಲ್ಲಿಗೆ ಮುಂದಿನವರು. ಲೆಕ್ಕ ಹಾಕಿದರೆ ಸುಮಾರು 5.6 ನಿಮಿಷ. ಒಂದು ರೂಪಾಯಿ ಖರ್ಚಿಲ್ಲ, ಒಂದು ಹಗ್ಗ ಕಟ್ಟಿದರೆ ಸಾಕು.

ಮೂರನೆಯದು: ನಾಲ್ಕು ಮೆಷಿನ್, ಒಂದೇ ಕ್ಯೂ. ನಮಗೆ ಅಭ್ಯಾಸ ಇಲ್ಲದ್ದರಿಂದ ಒಂದು ಬಿಲ್ಲಿಗೆ 3 ನಿಮಿಷ ಹಿಡಿಯಲಿ. ಆದರೂ ಒಟ್ಟು ಸಮಯ ಸುಮಾರು 3.5 ನಿಮಿಷ. ಮೆಷಿನ್ ಗೆದ್ದಿತು ಅನ್ನಬೇಡಿ, ಇನ್ನೊಂದು ಬಾಕಿ ಇದೆ.

ನಾಲ್ಕನೆಯದು: ಇನ್ನೊಬ್ಬರನ್ನು ಕೂರಿಸಿ ಮೂರು ಕೌಂಟರ್ ಮಾಡಿ, ಒಂದೇ ಕ್ಯೂ ಇಡಿ. ಸುಮಾರು 2.4 ನಿಮಿಷ!

ಅಂದರೆ ವೇಗ ಬಂದಿದ್ದು ಮೆಷಿನ್‌ನ ಜಾಣತನದಿಂದಲ್ಲ. ಕೌಂಟರ್‌ಗಳ ಸಂಖ್ಯೆ ಹೆಚ್ಚಾಗಿದ್ದರಿಂದ, ಕ್ಯೂ ಒಂದೇ ಆಗಿದ್ದರಿಂದ.

ಹಾಗಾದರೆ ಅಂಗಡಿಯವರು ಮೆಷಿನ್ ಇಡೋದು ಯಾಕೆ? ದುಡಿಮೆಯ ಲೆಕ್ಕ ನೋಡಿ. ಕೌಂಟರ್‌ನಲ್ಲಿ 48 ಬಿಲ್ಲಿಗೆ 96 ನಿಮಿಷದ ಕೆಲಸ, ಅದಕ್ಕೆ ಅಂಗಡಿ ಸಂಬಳ ಕೊಡುತ್ತೆ. ಮೆಷಿನ್‌ನಲ್ಲಿ 48 ಬಿಲ್ಲಿಗೆ 144 ನಿಮಿಷದ ಕೆಲಸ, ಅದನ್ನು ಮಾಡೋದು ನಾವು, ಪುಕ್ಕಟೆ. ಕೆಲಸ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಮಾಡುವವರು ಬದಲಾದರು ಅಷ್ಟೇ. ಇದು ನಮಗೆ ಗೊತ್ತಾಗದೇ ಇರೋದಕ್ಕೂ ಕಾರಣ ಇದೆ. ಕೈಗೆ ಕೆಲಸ ಇದ್ದಾಗ ಹೊತ್ತು ಹೋಗಿದ್ದೇ ತಿಳಿಯಲ್ಲ, ಸುಮ್ಮನೆ ನಿಂತಾಗ ಒಂದೊಂದು ನಿಮಿಷವೂ ಯುಗ.

ಮೆಷಿನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಂದು ಬಿಸ್ಕೆಟ್ ಪ್ಯಾಕ್, ಒಂದು ಪೆನ್ನು ತಗೊಂಡವರಿಗೆ ಅದೇ ಸರಿ. ಬಾರ್‌ಕೋಡ್ ಇಲ್ಲದ ಕೊತ್ತಂಬರಿ ಕಟ್ಟು ಬಂದಾಗ, ತೂಕದ ಸೆನ್ಸರ್ ತಕರಾರು ತೆಗೆದಾಗ, ಅಮ್ಮನಂಥವರು ನೋಟು ಹಿಡಿದು ನಿಂತಾಗ ಮಾತ್ರ ಮನುಷ್ಯರೇ ಬೇಕು. ಇಂಗ್ಲೆಂಡಿನ ಬೂತ್ಸ್ ಅನ್ನೋ ಸೂಪರ್ ಮಾರ್ಕೆಟ್ 2023ರಲ್ಲಿ ತನ್ನ ಬಹುತೇಕ ಅಂಗಡಿಗಳಿಂದ ಈ ಮೆಷಿನ್‌ಗಳನ್ನು ತೆಗೆಯೋದಾಗಿ ಹೇಳಿತು. ನೆದರ್‌ಲ್ಯಾಂಡ್ಸ್‌ನ ಜಂಬೋ ಅಂಗಡಿಗಳಲ್ಲಂತೂ ಹರಟೆ ಹೊಡೆಯೋಕೇ ಒಂದು ನಿಧಾನದ ಕೌಂಟರ್ ಇದೆ. ಒಂಟಿಯಾಗಿರುವ ಹಿರಿಯರಿಗಾಗಿ ಮಾಡಿದ್ದು, 2019ರಲ್ಲಿ ಶುರುವಾಯಿತು. ಅಲ್ಲಿ ನಿಮಿಷ ಉಳಿಸೋದು ಗುರಿಯೇ ಅಲ್ಲ.

ನಾಳೆ ಇಂಥ ವ್ಯವಸ್ಥೆಗಳನ್ನು ಕಟ್ಟುವವರು ನಾವೇ. "ಸರಾಸರಿ ಕಾಯುವ ಸಮಯ ಎಷ್ಟು?" ಅನ್ನೋದರ ಜೊತೆಗೆ "ಯಾರ ಸಮಯ? ಯಾರು ಹೊರಗುಳಿದರು?" ಅಂತಲೂ ಕೇಳಬೇಕು. ಸರಾಸರಿಯಲ್ಲಿ ಅಮ್ಮ ಕಾಣಿಸಲ್ಲ.

ನಿಮಗೊಂದು ಮನೆಗೆಲಸ: ನಮ್ಮ ಕ್ಯಾಂಟೀನ್‌ನ ಕೂಪನ್ ಕೌಂಟರ್ ಮುಂದೆ ಮಧ್ಯಾಹ್ನ ಅರ್ಧ ಗಂಟೆ ನಿಂತು, ಎಷ್ಟು ಜನ ಬಂದರು, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಿ. ಮೇಲಿನ ಲೆಕ್ಕ ಹಾಕಿ ನೋಡಿ. ಅಲ್ಲಿ ಬೇಕಿರೋದು ಮೆಷಿನ್ನಾ, ಇನ್ನೊಬ್ಬ ಅಣ್ಣನಾ, ಇಲ್ಲಾ ಬರೀ ಒಂದು ಹಗ್ಗವಾ? ಉತ್ತರ ಸಿಕ್ಕರೆ ನಮ್ಮ ಕನ್ನಡ ಸಂಘಕ್ಕೆ ಬರೆದು ಕಳಿಸಿ.